ಕೆಟ್ಟರೂ ಖಾಲಿ

ಶವದ ತಲೆಯ ಬಳಿಯಿದ್ದ ಸ್ಟೂಲಿನಿಂದ ಹೂವಿನ ತಟ್ಟೆಯನ್ನು ಸರಿಸಿ ಲ್ಯಾಪ್‌ಟಾಪ್ ಇಡಲು ಹೊರಟವನ ಮಣಿಕಟ್ಟನ್ನು ಮಗಳು ಗಟ್ಟಿಯಾಗಿ ಹಿಡಿದಳು.

"ಇಲ್ಲಿ ಬೇಡ."

"ಪ್ಲಗ್ ಇಲ್ಲೇ ಇದೆ ಅಂದ್ರು..."

"ಅಡುಗೆಮನೇಲೂ ಇದೆ. ನಡೀರಿ."

ಅವನು ಅಮ್ಮನ ಸಾಫ್ಟ್‌ವೇರ್ ಆಫೀಸಿನ ತಂಡದ ಮುಖ್ಯಸ್ಥ. ಬೆನ್ನ ಹಿಂದೆ ಎಲ್ಲರೂ ಅವನನ್ನು ಅರ್ಜೆಂಟಪ್ಪ ಎನ್ನುತ್ತಿದ್ದರು. ಆ ಹೆಸರಿಟ್ಟವಳು ಈಗ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಗಂಟೆ ಹತ್ತೂ ನಲವತ್ತು. ಹೆಣದ ಗಾಡಿ ಹನ್ನೊಂದಕ್ಕೆ ಬರುವುದಿತ್ತು.

ಅಡುಗೆಮನೆಯ ಸಿಂಕಿನ ಪಕ್ಕ ನೀಲಿ ಪ್ಲಾಸ್ಟಿಕ್ ಬುಟ್ಟಿಯಿತ್ತು. ಅದರಲ್ಲಿ ಒಂದು ಲೋಟ, ಒಂದು ಚಮಚ, ತಳ ಹಿಡಿದ ಪುಟ್ಟ ಪಾತ್ರೆ. ಒಂಬತ್ತು ದಿನದ ಹಿಂದೆ ಉಸಿರು ಸಿಗದೆ ಆಂಬುಲೆನ್ಸ್ ಹತ್ತುವ ಮುಂಚೆ ಅಮ್ಮ ಬಳಸಿದ್ದವು. ತೊಳೆಯಲು ಬಂದವರನ್ನೆಲ್ಲ ಮಗಳು ಬೈದು ಅಟ್ಟಿದ್ದಳು.

ಅವನು ನೀರು ಕೇಳಿದ. ಕುಡಿದು, ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದ.

"ಹನ್ನೆರಡಕ್ಕೆ ಒಂದು ಆಪರೇಷನ್ ಇದೆ. ಪೇಶೆಂಟ್ ತಲೇಲಿ ರಕ್ತ ಸೋರ್ತಿದೆ, ಮುಂದೂಡೋಕಾಗಲ್ಲ. ಇನ್ನೊಂದು ದೊಡ್ಡಾಸ್ಪತ್ರೆ ಮೂರು ಗಂಟೆ ದೂರ. ಡಾಕ್ಟರು ಸ್ಕ್ಯಾನ್ ಚಿತ್ರ ನೋಡ್ಕೊಂಡೇ ಕುಯ್ಯಬೇಕು. ನಿನ್ನೆಯಿಂದ ಆ ಸ್ಕ್ರೀನು ಎರಡು ಗಂಟೆಗೊಮ್ಮೆ ಕಲ್ಲಾಗ್ತಿದೆ. ಮತ್ತೆ ಏಳೋಕೆ ಇಪ್ಪತ್ತು ನಿಮಿಷ. ಆಪರೇಷನ್ನು ನಾಲ್ಕು ಗಂಟೆಯದು."

"ಅದಕ್ಕೆ ಅಮ್ಮ ಏನು ಮಾಡಬೇಕು, ಎದ್ದು ಬರಬೇಕಾ?"

"ಮೆಮೊರಿ ತುಂಬಿ ನಿಲ್ಲುತ್ತೆ. ನಮ್ಮ ಸಾಫ್ಟ್‌ವೇರಿನ ಆ ಭಾಗ ಅಷ್ಟೂ ಅವರು ಬರೆದಿದ್ದು. ಕುಗ್ಗಿಸಿ ಕಳಿಸಿದ ಚಿತ್ರ ಬಿಚ್ಚೋಕೆ ಮೆಮೊರೀಲಿ ನೂರಾರು ಚೂರು ಜಾಗ ಬೇಕು. ಅವರು ಒಂದೊಂದೇ ಚೂರು ವಾಪಸ್ ಕೊಡ್ತಿರಲಿಲ್ಲ. ಒಂದು ಚಿತ್ರಕ್ಕೆ ಒಂದು ಬುಟ್ಟಿ. ಚಿತ್ರ ಮುಗೀತು, ಇಡೀ ಬುಟ್ಟಿ ಒಂದೇ ಸಲ ಖಾಲಿ. ಅದಕ್ಕೇ ಬುಟ್ಟಿ ಮೇಡಂ ಅಂತಿದ್ವಿ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲಾನೂ ಕೆಟ್ಟಿಲ್ಲ."

"ಮತ್ತೆ ಈಗ್ಯಾಕೆ ಕೆಡ್ತು?"

"ಹೋದ ವಾರ ನಲವತ್ತು ಬದಲಾವಣೆ ಮಾಡಿದ್ವಿ. ಯಾವುದು ಅಂತ ತಿಳೀತಿಲ್ಲ. ಆಫೀಸಲ್ಲಿ ಹತ್ತು ಸಾವಿರ ಚಿತ್ರ ಬಿಚ್ಚಿ ನೋಡಿದ್ವಿ, ಏನೂ ಆಗ್ಲಿಲ್ಲ. ಹಳೇದಕ್ಕೆ ಹೋಗೋಣ ಅಂದ್ರೆ ಅದು ಆಸ್ಪತ್ರೆಯ ಹೊಸ ಸ್ಕ್ಯಾನರ್ ಜೊತೆ ಕೆಲಸ ಮಾಡಲ್ಲ. ಅಮ್ಮ ಏನಾದ್ರೂ ಬರೆದಿಟ್ಟಿದ್ರೆ..."

ಬಾಗಿಲಲ್ಲಿ ಸೋದರಮಾವ ಬಂದು ನಿಂತ. "ಹೆಣ ಎತ್ತೋ ಹೊತ್ತಿಗೆ ಆಫೀಸು ತೆಗೆದು ಕೂತಿದ್ದೀರಲ್ಲ! ಬದುಕಿದ್ದಾಗಂತೂ ಬಿಡಲಿಲ್ಲ, ಈಗಲಾದ್ರೂ ಬಿಡ್ರಪ್ಪ ನನ್ನ ತಂಗೀನ."

"ಮಾವ, ಹತ್ತು ನಿಮಿಷ."

"ನಿಮ್ಮಮ್ಮನ ಬಾಯಲ್ಲೂ ಇದೇ ಮಾತು. ನನ್ನ ಮದುವೆ ದಿನ ಹತ್ತು ನಿಮಿಷ ಅಂದೋಳು ಊಟದ ಹೊತ್ತಿಗೆ ಬಂದ್ಲು." ಮೂಗು ಒರೆಸಿಕೊಂಡು ಅವನು ಹೊರಟುಹೋದ.

"ಅಮ್ಮ ಏನೂ ಬರೆದಿಡ್ತಿರಲಿಲ್ಲ," ಎಂದಳು ಮಗಳು. ಅವಳ ಕಣ್ಣು ತಳ ಹಿಡಿದ ಪಾತ್ರೆಯ ಮೇಲಿತ್ತು.

*

ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ಹಾಲು ಕಾಯಿಸಲು ಇಟ್ಟು ಕತೆಪುಸ್ತಕದಲ್ಲಿ ಮುಳುಗಿದ್ದಳು. ಪಾತ್ರೆ ಕರಕಲಾಯಿತು. ಹೆದರಿ ಅದನ್ನು ಮಂಚದ ಕೆಳಗೆ ತಳ್ಳಿದಳು. ನಾಲ್ಕನೆಯ ದಿನ ವಾಸನೆ ಹಿಡಿದು ಬಂದ ಅಮ್ಮ ಪಾತ್ರೆಯನ್ನು ಎಳೆದು ತೆಗೆದಳು.

ಆ ಮನೆಯಲ್ಲಿ ಒಂದು ಅಡುಗೆಗೆಂದು ಕಪಾಟಿನಿಂದ ತೆಗೆದದ್ದೆಲ್ಲ ನೀಲಿ ಬುಟ್ಟಿಗೆ ಬೀಳಬೇಕು. ಅಡುಗೆ ಮುಗಿದ ಮೇಲೆ ಇಡೀ ಬುಟ್ಟಿ ಒಟ್ಟಿಗೆ ತೊಳೆದು ಬರಿದಾಗಬೇಕು. ನಡುವೆ ಒಂದು ಚಮಚ ತೊಳೆದರೂ ಅಮ್ಮ ಗದರುತ್ತಿದ್ದಳು.

ಅಂದು ಗದರಲಿಲ್ಲ. "ಹಾಲು ಸೀದಿದ್ದು ತಪ್ಪಲ್ಲ ಕಣೇ. ಬುಟ್ಟಿಗೆ ಹಾಕದೆ ಓಡಿದ್ದು ತಪ್ಪು. ಅಡುಗೆ ಆದ್ರೂ ಖಾಲಿ, ಕೆಟ್ರೂ ಖಾಲಿ. ಕೆಟ್ಟಾಗ್ಲೇ ಎಲ್ರೂ ಮರೆಯೋದು."

*

"ಆ ಆಸ್ಪತ್ರೆಗೆ ಕೆಟ್ಟ ಚಿತ್ರ ಬರ್ತವಾ?"

"ಕೆಟ್ಟ ಅಂದ್ರೆ?"

"ಅರ್ಧ ಬಂದು ನಿಂತುಹೋಗೋದು. ಬಿಚ್ಚೋಕೆ ಶುರು ಮಾಡಿ ಕೈಬಿಡಬೇಕಾಗಿ ಬರೋದು."

ಅವನು ಅವಳನ್ನೇ ನೋಡಿದ. ಆಮೇಲೆ ಆಸ್ಪತ್ರೆಯ ತಂತ್ರಜ್ಞೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

"ಅರ್ಧಂಬರ್ಧನಾ? ನಿನ್ನೆ ಹೊಸ ಕೇಬಲ್ ಎಳೆದಾಗಿಂದ ಗಂಟೆಗೆ ನೂರು ಬರ್ತಿವೆ ಸಾರ್," ಎಂದಳು ತಂತ್ರಜ್ಞೆ. "ಸ್ಕ್ಯಾನರ್ ತಾನೇ ಮತ್ತೆ ಕಳಿಸುತ್ತಲ್ಲ, ಅದಕ್ಕೇ ಹೇಳಲಿಲ್ಲ."

ಆಫೀಸಿನ ಹತ್ತು ಸಾವಿರ ಚಿತ್ರಗಳಲ್ಲಿ ಕೆಟ್ಟದ್ದು ಒಂದೂ ಇರಲಿಲ್ಲ. ಅವನು ಪರದೆಯ ಮೇಲೆ ಸಾಲುಗಳನ್ನು ಉರುಳಿಸಿದ. ಒಂದು ಕಡೆ ಬೆರಳು ನಿಂತಿತು.

"ಬುಟ್ಟಿ ಖಾಲಿ ಮಾಡೋ ಸಾಲು ಎರಡು ಕಡೆ ಇತ್ತು. ಚಿತ್ರ ಮುಗಿಯೋ ಕಡೆ ಒಂದು, ಕೆಟ್ಟು ಹೊರಬೀಳೋ ಕಡೆ ಒಂದು. ಒಂದೇ ಸಾಲು ಎರಡು ಸಲ ಯಾಕೆ ಅಂತ ಎರಡನೇದನ್ನ ತೆಗೆದಿದ್ದಾರೆ."

"ಯಾರು?"

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

"ನಾನು."

"ಅಮ್ಮಂಗೆ ಗೊತ್ತಿತ್ತಾ?"

"ತೆಗೀಬೇಡಿ ಅಂತ ಎರಡು ಸಲ ಹೇಳಿದ್ರು. ಅವರು ಆಸ್ಪತ್ರೆ ಸೇರಿದ ದಿನ ತೆಗೆದೆ."

ಅವಳ ಕೈ ಕಟ್ಟೆಯ ಅಂಚನ್ನು ಹಿಡಿದುಕೊಂಡಿತು. ಒಂಬತ್ತು ದಿನ ಅಮ್ಮ ಆಮ್ಲಜನಕದ ಮುಖವಾಡದೊಳಗಿನಿಂದ ಫೋನ್ ಕೊಡು, ಆಫೀಸಿಗೆ ಒಂದು ಮಾತು ಹೇಳಬೇಕು ಎಂದು ಸನ್ನೆ ಮಾಡುತ್ತಿದ್ದಳು. ಸಾಕು ಸುಮ್ನಿರಮ್ಮ ಎಂದು ಫೋನನ್ನು ಬ್ಯಾಗಿನೊಳಗೆ ಬಚ್ಚಿಟ್ಟವಳು ಇವಳೇ.

"ಹಾಕಿ," ಎಂದಳು.

"ಏನು?"

"ಆ ಸಾಲು ವಾಪಸ್ ಹಾಕಿ. ಅಲ್ಲಿವರೆಗೆ ಅಮ್ಮ ಇಲ್ಲಿಂದ ಹೊರಡಲ್ಲ."

ಅವಳು ಹೋಗಿ ಹೊರಬಾಗಿಲಿಗೆ ಅಡ್ಡ ನಿಂತಳು. ಗಾಡಿಯ ಚಾಲಕ ಗಡಿಯಾರ ತೋರಿಸಿದ. "ಒಂದು ಗಂಟೆಗೆ ಇನ್ನೊಬ್ಬರ ಮನೇಲಿ ಕಾಯ್ತಿದ್ದಾರೆ ಮೇಡಂ."

"ನಾನೂ ಬಸ್ಸು ಓಡಿಸೋಳೇ ಕಣಪ್ಪ. ಅರ್ಧ ಗಂಟೆ ತಡ ಆದ್ರೆ ದಾರೀಲಿ ಸರಿದೂಗಿಸಬಹುದು."

"ಹೆಣದ ಗಾಡಿ ಓವರ್‌ಟೇಕ್ ಮಾಡಲ್ಲ ಮೇಡಂ," ಎಂದ ಚಾಲಕ. ಆದರೂ ಎಂಜಿನ್ ಆರಿಸಿದ.

ಹನ್ನೊಂದೂ ಇಪ್ಪತ್ತಕ್ಕೆ, ಆ ಸಾಲು ವಾಪಸ್ ಹಾಕಿದ ಹೊಸ ಪ್ರತಿ ಆಸ್ಪತ್ರೆ ತಲುಪಿತು. ತಂತ್ರಜ್ಞೆ ಬೇಕೆಂದೇ ಮುನ್ನೂರು ಮುರಿದ ಚಿತ್ರಗಳನ್ನು ಒಂದರ ಹಿಂದೊಂದು ಕಳಿಸಿದಳು. ಅಡುಗೆಮನೆಯ ತುಂಬ ಅವಳ ದನಿ. "ಮೆಮೊರಿ ಏರ್ತು... ಇಳೀತು. ಏರ್ತು... ಇಳೀತು." ಮಾವನೂ ಬಂದು ಕಿವಿಗೊಟ್ಟ. ಹನ್ನೊಂದೂ ನಲವತ್ತಕ್ಕೆ ಅವಳೆಂದಳು: "ಶುರು ಮಾಡಿದಲ್ಲೇ ಇದೆ ಸಾರ್. ಒಂದು ಚೂರೂ ಉಳೀಲಿಲ್ಲ. ಪೇಶೆಂಟನ್ನ ಒಳಗೆ ಕರ್ಕೊಳ್ತೀವಿ."

ಅರ್ಜೆಂಟಪ್ಪ ಲ್ಯಾಪ್‌ಟಾಪ್ ಮುಚ್ಚಿದ. "ನಾನು ಏನಂತ..."

"ಆಮೇಲೆ. ಈಗ ಹೆಗಲು ಕೊಡಿ."

ಅವನು ಎರಡು ಹೆಜ್ಜೆ ಹೋದವನು ಹಿಂದಿರುಗಿ, ಕಟ್ಟೆಯ ಮೇಲಿದ್ದ ತನ್ನ ನೀರಿನ ಲೋಟವನ್ನು ಎತ್ತಿ ನೀಲಿ ಬುಟ್ಟಿಯೊಳಗಿಟ್ಟ.

*

ನಾಲ್ಕೂವರೆಗೆ ಅವಳ ಫೋನಿಗೆ ಅರ್ಜೆಂಟಪ್ಪನಿಂದ ಒಂದು ಸಾಲು ಬಂತು: ಆಪರೇಷನ್ ಮುಗೀತು, ಸ್ಕ್ರೀನ್ ಒಂದು ಸಲವೂ ನಿಲ್ಲಲಿಲ್ಲ.

ಅದನ್ನು ಓದಿ ಹೇಳಲು ಮಾವ ಫೋನ್ ಹಿಡಿದು ಅವಳನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದ. ಅವಳು ತೋಳಿನವರೆಗೆ ನೊರೆ ಮಾಡಿಕೊಂಡು ಸುಟ್ಟ ಪಾತ್ರೆಯ ತಳವನ್ನು ಉಜ್ಜುತ್ತಿದ್ದಳು. ಎರಡು ಲೋಟ, ಒಂದು ಚಮಚ ಆಗಲೇ ಕಪಾಟು ಸೇರಿದ್ದವು. ಕಿಟಕಿಯ ಕಟ್ಟೆಯ ಮೇಲೆ ನೀಲಿ ಬುಟ್ಟಿ ಬೋರಲಾಗಿತ್ತು. ಅದರ ಅಂಚಿನಿಂದ ನೀರು ಒಂದೊಂದೇ ಹನಿಯಾಗಿ ಇಳಿಯುತ್ತಿತ್ತು.