ಚಿಕ್ಕಮ್ಮನ ಈರುಳ್ಳಿ ಲಾರಿ

ತರೀಕೆರೆಯ ಹೇಮಶ್ರೀಗೆ ಇಂಗ್ಲೆಂಡಿನಲ್ಲಿ ಎಂಬಿಎ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಶನಿವಾರ ಭಾನುವಾರ ಬೇಕರಿಯೊಂದರ ಕೌಂಟರಿನಲ್ಲಿ ನಿಲ್ಲುತ್ತಿದ್ದಳು, ಉಳಿದ ದಿನ ಅರ್ಜಿ ಹಾಕುತ್ತಿದ್ದಳು. ಅವಳಿಗೆ ಬೇಕಿದ್ದದ್ದು ಪೂರ್ತಿ ಕೆಲಸ, ಅದೂ ವೀಸಾ ಕೊಡಿಸುವ ಕಂಪನಿಯಲ್ಲಿ. ಅಂಥವರು ಇಂಟರ್‌ವ್ಯೂಗೆ ಕರೆದಾಗಲೆಲ್ಲ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: ಕಷ್ಟದ ಹೊತ್ತಿನಲ್ಲಿ ನೀವು ಜನರನ್ನು ಒಗ್ಗೂಡಿಸಿದ್ದರೆ ಹೇಳಿ. ಹೇಮಶ್ರೀ ಕಾಲೇಜು ಫೆಸ್ಟ್ ನಡೆಸಿದ ಕಥೆ ಹೇಳುತ್ತಿದ್ದಳು. ಅವರು ನಗುನಗುತ್ತಲೇ ಕೇಳಿಸಿಕೊಂಡು, ಆಮೇಲೆ ಬೇಡವೆಂದು ಮೇಲ್ ಕಳಿಸುತ್ತಿದ್ದರು.

ವೀಸಾ ಮುಗಿಯಲು ಬಂದಿದ್ದಾಗ ಲೆಸ್ಟರಿನ ತರಕಾರಿ ಸಗಟು ಕಂಪನಿಯೊಂದು ಕರೆಯಿತು. ಅಲ್ಲೂ ಅದೇ ಪ್ರಶ್ನೆ. ಅಂದು ಅವಳ ಬಾಯಿಗೆ ಫೆಸ್ಟ್ ಬರಲಿಲ್ಲ, ಚಿಕ್ಕಮ್ಮ ಬಂದಳು.

ಚಿಕ್ಕಮ್ಮ ವನಜಾಕ್ಷಿ ಇರುವುದು ಅಜ್ಜಂಪುರದ ಹತ್ತಿರ ಬುಕ್ಕಾಂಬುಧಿಯಲ್ಲಿ. ಒಂದು ವರ್ಷ ಈರುಳ್ಳಿ ಬೆಲೆ ಬಿದ್ದುಹೋಗಿ, ದಲ್ಲಾಳಿಗಳು ಹೊಲದ ಬದುವಿನ ಮೇಲೆ ನಿಂತು ಬಾಯಿಗೆ ಬಂದ ರೇಟು ಕೂಗುತ್ತಿದ್ದಾಗ, ತಾನು ನಡೆಸುತ್ತಿದ್ದ ಕೇರಿಯ ಉಳಿತಾಯ ಸಂಘದ ಹೆಂಗಸರನ್ನೆಲ್ಲ ಸೇರಿಸಿ ಯಾರೂ ಮಾರಬೇಡಿ ಎಂದವಳು ಅವಳೇ. ದಪ್ಪ ಗೆಡ್ಡೆ, ಸಣ್ಣ ಗೆಡ್ಡೆ ಬೇರೆ ಮಾಡಿಸಿದಳು. ಎಲ್ಲರ ಚೀಲವನ್ನೂ ಒಂದೇ ಲಾರಿಗೆ ಹೇರಿಸಿ, ಡ್ರೈವರ್ ಪಕ್ಕ ತಾನೇ ಕೂತು ಯಶವಂತಪುರದ ಮಂಡಿಗೆ ಹೋಗಿ ಮಾರಿಕೊಂಡು ಬಂದಳು. ಮುಂದೆ ಪ್ರತಿ ವರ್ಷವೂ ಲಾರಿ ಹೋಯಿತು. ಮೊದಲ ಲಾರಿಯ ವರ್ಷ ಹೇಮಶ್ರೀ ಕಡೂರಿನಲ್ಲಿ ಬಿಕಾಂ ಓದುತ್ತಿದ್ದಳು. ಲಾರಿ ಹೊರಟ ದಿನ ಬಂದು ಫೋಟೊ ಹೊಡೆದದ್ದು ಬಿಟ್ಟರೆ ಒಂದು ಗೆಡ್ಡೆಯನ್ನೂ ಅವಳು ಮುಟ್ಟಿರಲಿಲ್ಲ.

ಇಂಟರ್‌ವ್ಯೂನಲ್ಲಿ ಅವಳು ಬದಲಿಸಿದ್ದು ಒಂದೇ ಮಾತು. ಚಿಕ್ಕಮ್ಮ ಎನ್ನಬೇಕಾದಲ್ಲೆಲ್ಲ ನಾನು ಎಂದಳು. ಎದುರಿಗಿದ್ದವರು ಬರೆಯುವುದನ್ನು ಬಿಟ್ಟು ಕೇಳಿದರು.

ಕೆಲಸ ಕೊಡುತ್ತೇವೆ, ಆದರೆ ಮೊದಲು ಆ ಸಂಘದವರನ್ನು ವಿಚಾರಿಸಬೇಕು ಎಂದರು. ವಿಚಾರಿಸುವ ಏಜೆನ್ಸಿ ಬೆಂಗಳೂರಿನದು, ಮಾತು ಕನ್ನಡದಲ್ಲೇ. ಕೊಡಲು ಬೇರೆ ನಂಬರಾದರೂ ಯಾವುದಿತ್ತು? ಹೇಮಶ್ರೀ ಚಿಕ್ಕಮ್ಮನದನ್ನೇ ಕೊಟ್ಟು, ಆಮೇಲೆ ಅವಳಿಗೆ ಫೋನ್ ಮಾಡಿದಳು.

“ಚಿಕ್ಕಮ್ಮ, ನಿನ್ನ ಈರುಳ್ಳಿ ಲಾರಿ ಇದೆಯಲ್ಲ, ಅದನ್ನ ನಾನು ಮಾಡಿದ್ದು ಅಂತ ಇಲ್ಲಿ ಹೇಳ್ಬಿಟ್ಟಿದೀನಿ. ವಿಚಾರ್ಸೋಕೆ ಬೆಂಗಳೂರಿಂದ ನಿಂಗೆ ಫೋನ್ ಬರುತ್ತೆ.”

“ಅವ್ರು ಕೇಳಿದ್ರೆ ನಾನೇನನ್ಲಿ?”

“ಹೂಂ ಅಂದ್ರೆ ಸಾಕು.”

“ಅಂದ್ರೆ ಕೆಲಸ ಸಿಕ್ತದಾ?”

“ಸಿಗುತ್ತೆ ಚಿಕ್ಕಮ್ಮ.”

“ಸರಿ, ಬಿಡು.”

ಕೆಲಸ ಸಿಕ್ಕಿತು. ಹೇಮಶ್ರೀ ಬೇಕರಿ ಬಿಟ್ಟಳು. ಹೊಸ ಕೆಲಸ ಅವಳಿಗೆ ಒಗ್ಗಿತು, ಮೇಲಿನವರಿಗೂ ಮೆಚ್ಚುಗೆಯಾಯಿತು. ಚಿಕ್ಕಮ್ಮ ಏನು ಹೇಳಿದಳು, ಹೇಗೆ ಹೇಳಿದಳು ಎಂದು ಅವಳು ಕೇಳಲಿಲ್ಲ. ಕೇಳದೆ ಇರುವುದೇ ಸುಲಭವಾಗಿತ್ತು.

ಮಾರನೆಯ ವರ್ಷ ರಜೆಗೆ ಬಂದಳು. ತರೀಕೆರೆಯಲ್ಲಿ ಅಪ್ಪ ಅಮ್ಮನ ಜೊತೆ ಒಂದು ವಾರ ಇದ್ದು, ಚಿಕ್ಕಮ್ಮನಿಗೊಂದು ಸೀರೆ ತೆಗೆದುಕೊಂಡು ಬುಕ್ಕಾಂಬುಧಿಗೆ ಹೋದಳು. ಚಿಕ್ಕಮ್ಮ ಹೊಲದಿಂದ ಬಂದಿರಲಿಲ್ಲ. ಪಕ್ಕದ ಮನೆಯ ಹನುಮಂತಮ್ಮ ಅಂಗಳದಲ್ಲಿ ಕೂತು ಈರುಳ್ಳಿಯ ಬಾಲ ಕೊಯ್ಯುತ್ತಿದ್ದಳು. ಮೊದಲ ಲಾರಿಯಲ್ಲಿ ಚಿಕ್ಕಮ್ಮನ ಜೊತೆ ಹೋಗಿದ್ದವಳು ಅವಳು. ಹೇಮಶ್ರೀ ಮಾತಾಡಿಸಿದರೆ ತಲೆಯೆತ್ತಲಿಲ್ಲ.

“ಏನು ಹನುಮಂತಕ್ಕ, ಗುರುತು ಸಿಗ್ಲಿಲ್ವಾ?”

“ಸಿಗದೆ ಏನು. ಲಾರಿ ಹೊಡೆಸಿದ ಮಾರಾಯ್ತಿ ಅಲ್ವಾ ನೀನು.”

ಹನುಮಂತಮ್ಮ ಕುಡುಗೋಲು ಕೆಳಗಿಡದೆಯೇ ಹೇಳಿದಳು. ಬೆಂಗಳೂರಿನ ಫೋನು ಬಂದಾಗ ಸಂಘದ ಮೀಟಿಂಗ್ ನಡೆಯುತ್ತಿತ್ತಂತೆ. ವನಜಾಕ್ಷಿಗೆ ಸರಿಯಾಗಿ ಕೇಳಿಸದೆ ಸ್ಪೀಕರ್ ಹಾಕಿದ್ದಾಳೆ. ಲಾರಿ ಮಾಡಿಸಿದ್ದು ಯಾರು, ಮಂಡಿಯವರ ಜೊತೆ ಮಾತಾಡಿದ್ದು ಯಾರು ಎಂದು ಏಜೆನ್ಸಿಯ ಹುಡುಗಿ ಒಂದೊಂದಾಗಿ ಕೇಳಿದ್ದಕ್ಕೆಲ್ಲ, ನಮ್ಮ ಹೇಮಾನೇ ಕಣವ್ವ, ನಾನು ಅವಳು ಹೇಳಿದಂಗೆ ಕೇಳ್ದೆ ಅಷ್ಟೆ, ಎಂದಿದ್ದಾಳೆ. ಅಷ್ಟು ಹೆಂಗಸರೂ ಬಾಯಿ ಮುಚ್ಚಿಕೊಂಡು ಕೇಳಿದ್ದಾರೆ.

“ಯಾರೋ ಮನೇಲಿ ಗಂಡನ ಹತ್ರ ಅಂದ್ಳು. ಅವನು ಮೇಲಿನ ಕೇರಿ ಯಜಮಾನ ಕೆಂಚಪ್ಪನ ಹತ್ರ ಅಂದ. ಆಮೇಲೆ ಕಡೂರಲ್ಲಿ ರೈತರೇ ಸೇರಿ ಕಟ್ಟಿರೋ ಕಂಪ್ನಿಗೆ ಈ ಕಡೆಯಿಂದ ಒಬ್ಳು ಹೆಂಗಸು ಡೈರೆಕ್ಟ್ರು ಬೇಕು ಅಂತ ಬಂತು. ವನಜಕ್ಕನೇ ಅಂತ ಎಲ್ರೂ ಅಂದ್ಕೊಂಡಿದ್ರು. ನಮ್ ಕೇರಿಯೋರು ಯಾವತ್ತು ಅಂಥ ಕುರ್ಚಿ ಮೇಲೆ ಕೂತಿದ್ವಿ ಹೇಳು. ಸಭೇಲಿ ಕೆಂಚಪ್ಪ ಎದ್ದು, ಲಾರಿ ಎಲ್ಲ ಅವಳ ಅಕ್ಕನ ಮಗಳು ಮಾಡಿದ್ದು, ವನಜಾಕ್ಷೀನೇ ಫೋನಲ್ಲಿ ಒಪ್ಕೊಂಡವಳೆ ಅಂದ. ನಿನ್ನ ಚಿಕ್ಕಮ್ಮ ತಲೆ ತಗ್ಗಿಸ್ಕೊಂಡು ಕೂತಿದ್ಳು. ಇಲ್ಲ ಅಂದ್ರೆ ನಿನ್ನ ಕೆಲಸಕ್ಕೆ ಕುತ್ತು ಬತ್ತದೆ ಅಂತ. ಕೆಂಚಪ್ಪನ ಸೊಸೇನ ಮಾಡಿದ್ರು.”

ಹೇಮಶ್ರೀಗೆ ಕೈಲಿದ್ದ ಸೀರೆಯ ಚೀಲವನ್ನು ಎಲ್ಲಿ ಇಡಬೇಕೋ ತೋಚಲಿಲ್ಲ.

ಸಂಜೆ ಚಿಕ್ಕಮ್ಮ ಬಂದು ಎಂದಿನ ಹಾಗೆಯೇ ಮಾತಾಡಿಸಿದಳು, ಮುದ್ದೆ ತಿರುವಿದಳು, ಇನ್ನೊಂದು ಚೂರು ಹಾಕಿಸಿಕೋ ಎಂದಳು. ಹೇಮಶ್ರೀ ಡೈರೆಕ್ಟರ್ ಮಾತು ತೆಗೆದಾಗ, “ಅಲ್ಲಿಗೆಲ್ಲ ಓಡಾಡೋಕೆ ನಂಗೆಲ್ಲಿ ಪುರ್ಸೊತ್ತು,” ಎಂದು ತಟ್ಟೆ ತೆಗೆದುಕೊಂಡು ಎದ್ದುಹೋದಳು.

ಬೆಳಿಗ್ಗೆ ಚಿಕ್ಕಮ್ಮ ಹಾಲು ಹಾಕಲು ಹೊರಟಾಗ ಹೇಮಶ್ರೀಯೂ ಜೊತೆಗೆ ಹೊರಟಳು. ಡೈರಿಯ ಮುಂದೆ ಊರಿನ ಅರ್ಧ ಜನ ಸಾಲು ನಿಂತಿದ್ದರು. ಕೆಂಚಪ್ಪ ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಇವಳನ್ನು ಕಂಡು, “ಏನವ್ವ, ಫಾರಿನ್ನಿಂದ ಯಾವಾಗ ಬಂದೆ?” ಎಂದ.

ಏನು ಹೇಳಬೇಕೆಂದು ಹೇಮಶ್ರೀ ಯೋಚಿಸಿಕೊಂಡಿರಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿಯೇಬಿಟ್ಟಳು.

“ಕೆಂಚಪ್ಪಣ್ಣ, ಈರುಳ್ಳಿ ಲಾರಿ ಮಾಡಿದ್ದು ನಾನಲ್ಲ, ಚಿಕ್ಕಮ್ಮ. ಕೆಲಸ ಸಿಗಲಿ ಅಂತ ನಾನು ಸುಳ್ಳು ಹೇಳಿದ್ದೆ.”

ಕೆಂಚಪ್ಪ ನಕ್ಕ. “ಚಿಕ್ಕಮ್ಮನ ಮೇಲಿನ ಅಭಿಮಾನಕ್ಕೆ ಹೇಳ್ತಿದೀಯ, ಒಳ್ಳೇದು ಬಿಡವ್ವ.”

“ಅಭಿಮಾನಕ್ಕಲ್ಲ, ನಿಜ.”

“ಆ ಲಾರೀಲಿ ನಾನಿದ್ದೆ,” ಎಂದಳು ಸಾಲಿನ ಹಿಂದಿನಿಂದ ಹನುಮಂತಮ್ಮ. “ಈ ಹುಡುಗಿ ಇರ್ಲಿಲ್ಲ.”

ಕೆಂಚಪ್ಪನ ನಗು ಹೋಯಿತು. ಬೀಡಿ ಆರಿಸಿ, ಹೇಮಶ್ರೀಯನ್ನು ಬಿಟ್ಟು ಅವಳ ಚಿಕ್ಕಮ್ಮನ ಕಡೆ ತಿರುಗಿದ.

“ಹಂಗಾದ್ರೆ ವನಜಾಕ್ಷಿ, ಫೋನಲ್ಲಿ ನೀನು ಹೇಳಿದ್ದು ಸುಳ್ಳಾ? ಸಂಘದೋರ ಮುಂದೇನೇ?”

ಮಾತು ಅತ್ತ ಹೊರಳುತ್ತದೆಂದು ಹೇಮಶ್ರೀಗೆ ಹೊಳೆದೇ ಇರಲಿಲ್ಲ. ಸಾಲಿನಲ್ಲಿದ್ದವರೆಲ್ಲ ಈಗ ನೋಡುತ್ತಿದ್ದದ್ದು ಚಿಕ್ಕಮ್ಮನನ್ನು. ವರ್ಷಗಟ್ಟಲೆ ಆ ಹೆಂಗಸರ ಉಳಿತಾಯವನ್ನೆಲ್ಲ ತನ್ನ ಮಾತಿನ ಮೇಲೆ ನಡೆಸಿಕೊಂಡು ಬಂದವಳು ಅವಳು.

“ಹೂಂ, ಸುಳ್ಳೇ ಹೇಳ್ದೆ,” ಎಂದಳು ವನಜಾಕ್ಷಿ. ಹಾಲಿನ ಕ್ಯಾನನ್ನು ಮುಂದಕ್ಕೆ ಸರಿಸಿ ಅಳತೆಗೆ ಸುರಿದಳು.

ಖಾಲಿ ಕ್ಯಾನು ಹಿಡಿದು ಇಬ್ಬರೂ ಕೆರೆ ಏರಿಯ ಮೇಲೆ ವಾಪಸು ನಡೆದರು. ಹೇಮಶ್ರೀ ಕ್ಯಾನಿಗೆ ಕೈ ಚಾಚಿದರೆ ಚಿಕ್ಕಮ್ಮ ಕೊಡಲಿಲ್ಲ. ಏರಿ ಮುಗಿಯುತ್ತ ಬಂದಿತ್ತು.

“ನನ್ನನ್ನ ಮೊದ್ಲೇ ಒಂದು ಮಾತು ಕೇಳ್ಬೇಕಿತ್ತು ಕಣೇ,” ಎಂದಳು ಚಿಕ್ಕಮ್ಮ. “ಎರಡು ಸಲಾನೂ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಹೇಮಶ್ರೀ ತಪ್ಪಾಯ್ತು ಎಂದಳು. ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದೆಂದು ತನಗೇ ಅನಿಸಿತು. ಡೈರೆಕ್ಟರ್ ಜಾಗ ಇನ್ನು ಬದಲಾಗುವಂತಿರಲಿಲ್ಲ. ಮುಂದಿನ ಮೀಟಿಂಗಿನಲ್ಲಿ ಸಂಘದ ಹೆಂಗಸರ ಮುಂದೆ ಕೂರಬೇಕಾದವಳು ಚಿಕ್ಕಮ್ಮ. ಅಷ್ಟು ಹೊತ್ತಿಗೆ ಹೇಮಶ್ರೀ ಲೆಸ್ಟರಿನಲ್ಲಿರುತ್ತಿದ್ದಳು.

ಮನೆಯ ಬಾಗಿಲಲ್ಲಿ ಕ್ಯಾನು ತೊಳೆದು ಬೋರಲು ಹಾಕುತ್ತ ಚಿಕ್ಕಮ್ಮ ಕೇಳಿದಳು, “ಅಲ್ಲಿ ಕೆಲಸ ಚೆನ್ನಾಗೈತಾ?”

ಹೇಮಶ್ರೀ ಅವಳ ಮುಖ ನೋಡಲಾರದೆ ನೆಲ ನೋಡುತ್ತ ಹೇಳಿದಳು, “ಚೆನ್ನಾಗಿದೆ ಚಿಕ್ಕಮ್ಮ.”

ಅದು ನಿಜವೂ ಆಗಿತ್ತು.