ಕಾಳಿನ ಮಡಕೆಗೆ ಹೇಳಿದ ಮಾತು

ನಾನು ಸ್ಟುಡಿಯೋದಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. ಆಗ ಮೆಕ್ಸಿಕೋ ನಗರದಲ್ಲಿ ಮೂರು ವಾರಕ್ಕೊಂದು ಹಾಸ್ಯಚಿತ್ರ ತಯಾರಾಗುತ್ತಿತ್ತು. ಒಳಚಡ್ಡಿಯಲ್ಲಿ ಬಾಲ್ಕನಿಯಿಂದ ಜಿಗಿಯುವ ಗಂಡ, ಮಂಚದ ಕೆಳಗೆ ಅಡಗಿದ ಪಕ್ಕದ ಮನೆಯವಳು, ಲಟ್ಟಣಿಗೆ ಹಿಡಿದ ಹೆಂಡತಿ. ಪತ್ರಿಕೆಯವರು ಉಗಿಯುತ್ತಿದ್ದರು, ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಆ ಗಂಡನ ಪಾತ್ರವೆಂದರೆ ವೆನ್ಸೆಸ್ಲಾವೊನೇ ಆಗಬೇಕು.

ಅವನ ಹೆಂಡತಿ ಅಂಪಾರೊ ನನ್ನ ಗೆಳತಿ. ನಮ್ಮದು ಒಂದೇ ವಠಾರ. ಎದುರು ನಿಂತು ಜಗಳವಾಡುವ ಹೆಣ್ಣಲ್ಲ ಅವಳು. ಮನಸ್ಸಿಗೆ ನೋವಾದಾಗ ಒಲೆಯ ಮೇಲೆ ಬೇಯುತ್ತಿದ್ದ ಕಾಳಿನ ಮಡಕೆಗೆ ಹೇಳಿಕೊಳ್ಳುತ್ತಿದ್ದಳು. ಅಂಗಳದಲ್ಲಿ ಬಟ್ಟೆ ಒಗೆಯುವಾಗ ಒಂದೆರಡು ಮಾತು ನನ್ನ ಕಿವಿಗೆ ಬಿದ್ದರೆ ನಲ್ಲಿ ಜೋರಾಗಿ ಬಿಟ್ಟುಬಿಡುತ್ತಿದ್ದೆ.

ಎಂಬತ್ತೊಂದನೆಯ ಇಸವಿಯಲ್ಲಿ ಮದುವೆಯನ್ನೇ ಗೇಲಿ ಮಾಡುವ ಚಿತ್ರವೊಂದು ಶುರುವಾಯಿತು. ಎರಡನೆಯ ವಾರಕ್ಕೆಲ್ಲ ತಮಾಷೆಗಳು ಮುಗಿದುಹೋದವು. ನಿರ್ದೇಶಕ ತಲೆ ಚಚ್ಚಿಕೊಳ್ಳುತ್ತಿದ್ದ.

"ನಮ್ಮನೇಲೇ ನಾಟಕ ನಡೀತದೆ ಸಾರ್," ಎಂದ ವೆನ್ಸೆಸ್ಲಾವೊ. "ನನ್ನ ಮುದುಕಿ ಮಡಕೆ ಜೊತೆ ಮಾತಾಡ್ತಾಳೆ. ನಾನು ಬಾಗಿಲ ಹಿಂದೆ ನಿಂತು ಕೇಳ್ತಿರ್ತೀನಿ."

ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ಅವಳ ದನಿ ತೆಗೆದ. "ಹಾಸಿಗೇಲೂ ಬೆನ್ನು ತೋರಿಸ್ತಾನೆ ಕಣೋ ಮಡಕೆ. ಹೆಗಲ ಮೇಲೆ ಒಂದು ಕೈ ಇಡೋಕೆ ಏನು ರೋಗ ಇವನಿಗೆ?" ಆಮೇಲೆ ಮಡಕೆಯ ಉತ್ತರವೆಂದು ಬಾಯಲ್ಲೇ ಹೂಸಿನ ಸದ್ದು ಮಾಡಿದ.

"ಬರ್ಕೊಳ್ರೋ ಇದನ್ನ!" ಎಂದು ನಿರ್ದೇಶಕ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುಂಡುಪಿನ್ನು ತುಟಿಯಲ್ಲಿ ಕಚ್ಚಿಕೊಂಡು ನಾನೂ ನಕ್ಕೆ. ಆ ಹೆಂಡತಿಯ ಪಾತ್ರಕ್ಕೆ ಸೊಂಟದ ಸುತ್ತ ಹತ್ತಿ ತುಂಬಿ ಹೊಲಿದವಳೂ ನಾನೇ.

ಚಿತ್ರ ಬಿಡುಗಡೆಯಾದ ಭಾನುವಾರ ಅಂಪಾರೊ ನನ್ನ ಬಾಗಿಲಿಗೆ ಬಂದಳು. "ಏಳೇ ಚಾಯೊ, ನನ್ನ ಗಂಡನ ಸಿನಿಮಾ ನೋಡ್ಕೊಂಡು ಬರೋಣ."

"ತಲೆನೋವು ಕಣೇ."

"ಅವನು ಬೀಳೋದು ನೋಡಿದ್ರೆ ನಿನ್ನ ತಲೆನೋವು ಓಡಿಹೋಗ್ತದೆ, ಬಾ!"

ಹೋದೆ. ಮಡಕೆಯ ದೃಶ್ಯ ಬಂದಾಗ ಕಡಲೆಕಾಯಿ ಪೊಟ್ಟಣದೊಳಗೆ ಹೋಗಿದ್ದ ಅವಳ ಕೈ ಅಲ್ಲೇ ನಿಂತಿತು. ಹಿಂದಿನ ಸಾಲಿನಲ್ಲೊಬ್ಬ ತೊಡೆ ತಟ್ಟಿಕೊಂಡು, "ಥೇಟ್ ನನ್ ಹೆಂಡ್ತಿ!" ಎಂದು ಕಿರುಚಿದ. ಅಂಪಾರೊ ಅಳಲಿಲ್ಲ, ಕೊನೆಯವರೆಗೂ ಕೂತು ನೋಡಿದಳು. ದಾರಿಯಲ್ಲಿ ಒಂದೇ ಮಾತು ಕೇಳಿದಳು: "ನಿಂಗೆ ಗೊತ್ತಿತ್ತೇನೇ?"

"ಇಲ್ಲ ಕಣೇ," ಎಂದುಬಿಟ್ಟೆ.

ಸಂಜೆ ಗೋಡೆಯಾಚೆ ಅವನ ದನಿ ಕೇಳಿಸಿತು. "ತಮಾಷೆ ಕಣೇ ಮುದುಕಿ, ತಮಾಷೆ! ನಾನು ನಿನ್ನ ಹೆಸರೇನಾದ್ರೂ ಹೇಳಿದ್ನಾ?"

ಅವಳು ಮೆಲ್ಲಗೆ ಹೇಳಿದಳು: "ಹನ್ನೆರಡು ವರ್ಷ ನಿಂಗೆ ಕೇಳಿಸ್ತಿಲ್ಲ ಅಂದ್ಕೊಂಡಿದ್ದೆ. ಕೇಳಿಸಿದ್ರೆ ಇವನು ಹತ್ರ ಬಂದೇ ಬರ್ತಿದ್ದ ಅಂತ ಸಮಾಧಾನ ಮಾಡ್ಕೊಳ್ತಿದ್ದೆ."



ಆ ವಾರವೇ ಅವಳು ಪ್ವೆಬ್ಲಾ ಊರಿನಲ್ಲಿದ್ದ ಅಕ್ಕನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಚಿತ್ರ ಹದಿನಾಲ್ಕು ವಾರ ಓಡಿತು. ಬೀದಿಯಲ್ಲಿ ಹೋಗಿಬರುವವರು ಅವನ ಮುಂದೆ ಆ ಮಡಕೆಯ ಸದ್ದು ಮಾಡಿ ನಗುತ್ತಿದ್ದರು. ಅವನೂ ಕೈಯೆತ್ತಿ ನಗಬೇಕಾಗುತ್ತಿತ್ತು. ಎರಡನೆಯ ಭಾಗಕ್ಕೆ ಕರೆದಾಗ ಒಲ್ಲೆನೆಂದ. ಬೇರೊಬ್ಬ ನಟ ಬಂದ, ಅದೇ ತಮಾಷೆ ಮತ್ತೆ ನಡೆಯಿತು.

ಮರುವರ್ಷ ವೆನ್ಸೆಸ್ಲಾವೊ ಒಬ್ಬನೇ ಹೋಗಲು ಹೆದರಿ ನನ್ನನ್ನೂ ಪ್ವೆಬ್ಲಾಕ್ಕೆ ಕರೆದೊಯ್ದ. ಹಿತ್ತಲಿನಲ್ಲಿ ಅಕ್ಕನ ಜೊತೆ ನಗುತ್ತಿದ್ದ ಅಂಪಾರೊ ನಮ್ಮನ್ನು ಕಂಡು ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಲ್ಲಿ ಕೈಯೊರೆಸಿಕೊಂಡಳು. ಕೋಳಿಸಾರು ಬಡಿಸಿದಳು. ಅವನ ಮಂಡಿನೋವು ವಿಚಾರಿಸಿದಳು.

"ಮನೆಗೆ ಬಾ," ಎಂದ ಅವನು. "ಏನಿದ್ರೂ ನನಗೇ ಹೇಳು. ಈಗ ಕೇಳ್ತೀನಿ."

"ಈಗ ಹೇಳೋಕೆ ಏನೂ ಇಲ್ಲ ಕಣೋ," ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. "ಊಟ ಮಾಡು, ಆರಿಹೋಗ್ತದೆ."

ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಕೇಳಿದ: "ಅವತ್ತು ಸ್ಟುಡಿಯೋದಲ್ಲಿ ನೀನಾದ್ರೂ ನನ್ನ ಬಾಯಿ ಮುಚ್ಚಿಸಬಹುದಿತ್ತಲ್ಲ ಚಾಯೊ?"

"ಮುಚ್ಚಿಸಬಹುದಿತ್ತು," ಎಂದೆ. "ನಗು ಬಂತು. ನಕ್ಕುಬಿಟ್ಟೆ."