ಹಾರೆಯ ಮೇಲಿನ ಕೆಂಪು ಪಟ್ಟಿ

ಠಣ್, ಮತ್ತೆ ಠಣ್ — ಕಲ್ಲು, ಅದೇ ಕಲ್ಲು, ಸೈಮಾಳಿಗೆ ಆ ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ತಾಗುತ್ತದೆ, ಕೈಯಲ್ಲಿನ ಕಾಫಿ ಆರಿದೆ, ಏಲಕ್ಕಿ ಬ್ರೆಡ್ಡು ಜೇಬಿನಲ್ಲೇ ಉಳಿದಿದೆ, ಹುಲ್ಲಿನ ಮೇಲೆ ಬೆಳಗಿನ ಹಿಮ ಇನ್ನೂ ಕರಗಿಲ್ಲ, ಕೆಲವೇ ದಿನಕ್ಕೆ ಮಿನ್ನೆಸೋಟದ ಈ ಬಡಗು ತುದಿಯ ನೆಲ ಕಬ್ಬಿಣವಾಗುತ್ತದೆ, ಮಗ ಆರ್ವೊ ಹಾರೆಯನ್ನು ಗುಂಡಿಯಲ್ಲಿ ನಿಲ್ಲಿಸಿ ತೋರಿಸುತ್ತಾನೆ, ನೋಡಮ್ಮ, ಕೆಂಪು ಟೇಪಿನ ಪಟ್ಟಿ ನೆಲಕ್ಕೆ ಸಮ ಬಂತು, ಅಪ್ಪನ ಗುರುತು, ಸಾಕಲ್ವಾ, ಗೇಟಿನ ಕಂಬ ಇಳಿಸಿ ಜಲ್ಲಿ ತುಂಬ್ಲಾ. ಅಪ್ಪನ ಗುರುತು. ಮೊಮ್ಮಗಳು ನಡೆಯಲು ಕಲಿತಿದ್ದಾಳೆ, ಬೇಲಿಯಾಚೆ ಸರೋವರ, ಆ ಸರೋವರವೇ, ಇನ್ನಾವುದು — ಈ ನೆಲ ಚಳಿಗೆ ಉಬ್ಬುತ್ತದೆ, ಹಿಮ ಇಳಿಯುವುದಕ್ಕಿಂತ ಆಳಕ್ಕೆ ಹೂಳದ ಕಂಬವನ್ನು ಹಾಲುಹಲ್ಲು ಕಿತ್ತಂತೆ ಮೇಲೆತ್ತುತ್ತದೆ, ವಸಂತ ಬಂದರೆ ಗಂಡಸರೆಲ್ಲ ಸುತ್ತಿಗೆ ಹಿಡಿದು ಬೇಲಿ ಬಡಿಯಲು ಹೊರಡುತ್ತಾರೆ, ಪಕ್ಕದ ಮನೆಯ ಉರ್ಹೊ ಮೊಣಕೈ ಊರಿ ನಿಂತು, ಏನಯ್ಯಾ ವಿಲ್ಹೊ, ನಿನ್ನ ಗೇಟಿನ ಕಂಬ ಚಿಗುರ್ತಾ ಇದೆ, ಯಾವ ಗೊಬ್ಬರ ಹಾಕ್ದೆ, ಗಂಡ ನಗುತ್ತಾನೆ, ನಗುತ್ತಿದ್ದ, ನೆಲ ಮೆತ್ತಗಾಗ್ಲಿ ತಾಳು, ಭಾನುವಾರ ಬಡಿದ್ರಾಯ್ತು — ಆ ಭಾನುವಾರಕ್ಕೆ ಮೊದಲೇ ಲೆಂಪಿ, ಮಾತಿಗಿಂತ ಮೊದಲು ಓಟ ಕಲಿತ ಮಗಳು, ಸರೋವರದ ಬಿರುಕುಬಿಟ್ಟ ಮಂಜುಗಡ್ಡೆಯ ಮೇಲೆ. ಗೇಟು ಕೊನೆಗೆ ದಾಟಿದ್ದು ಯಾರು, ಅಡುಗೆಮನೆಯಲ್ಲಿ ಯಾರೋ ಕೇಳಿದರು, ಏಳು ವರ್ಷದ ಆರ್ವೊ ಬೂಟು ಬಿಚ್ಚದೆ ನಿಂತು, ನಾನು, ಅಂದ. ಆ ಮಾತನ್ನು ಹೊತ್ತೇ ಬೆಳೆದ, ಇವತ್ತಿಗೂ ಮುಚ್ಚಿದ ಬಾಗಿಲನ್ನು ಹಿಂದಿರುಗಿ ಬಂದು ಎಳೆದು ನೋಡುತ್ತಾನೆ. ಅವತ್ತು ಹೊರಗೆ ಗೇಟು ಮುಚ್ಚಿದಂತೆಯೇ ಇತ್ತು, ಚಿಲಕದ ನಾಲಿಗೆ ಮಾತ್ರ ಕಂಬದ ತೂತಿಗಿಂತ ಒಂದು ಬೆರಳು ಕೆಳಗೆ.

ಆ ಬೇಸಿಗೆ ವಿಲ್ಹೊ ಕಂಬ ಕಿತ್ತ ದಿನ ಸೈಮಾ ಹಾರೆಯನ್ನು ಮೈಗೆ ಆನಿಸಿ ನಿಂತಳು, ಮೊದಲು ಗದ್ದಕ್ಕೆ ಬರುತ್ತಿದ್ದ ಪಟ್ಟಿ ಹೊಟ್ಟೆಗೆ ಬಂದಿತ್ತು, ಕಂಬ ನೆಟ್ಟಾಗ ಕಲ್ಲು ಅಡ್ಡ ಬಂದಿದೆ, ಚಳಿ ಬೆನ್ನಿಗೆ ಬಿದ್ದಿದೆ, ಗುಂಡಿ ಇಳಿಸಲಾರದೆ ಗುರುತನ್ನೇ ಇಳಿಸಿದ್ದ — ಅವಳು ನೋಡಿದ್ದನ್ನು ಅವನೂ ನೋಡಿದ, ಇಬ್ಬರೂ ತುಟಿ ಬಿಚ್ಚಲಿಲ್ಲ, ಸತ್ತ ಮಗಳಂತೂ ಬರುವುದಿಲ್ಲ, ಇರುವ ಗಂಡನನ್ನಾದರೂ ಉಳಿಸಿಕೊಳ್ಳೋಣ ಅಂದುಕೊಂಡಳು, ಇರುವ ಮಗನನ್ನು ಮರೆತಳು, ಮರೆತದ್ದೆಲ್ಲಿ, ಮರೆತಂತಿದ್ದಳು, ಈಗ ವಿಲ್ಹೊ ಮಣ್ಣಿನಡಿ ಹಾಯಾಗಿದ್ದಾನೆ, ಅವನನ್ನು ಹಿಮ ಮೇಲೆತ್ತುವುದಿಲ್ಲ, ಶೆಡ್ಡಿನ ಮೂಲೆಯಲ್ಲಿ ತುಕ್ಕು ತಿಂದ ಈ ಹಾರೆ ಇವತ್ತು ಮಗನ ಕೈಗೇ ಬರಬೇಕಿತ್ತೆ. ಅಮ್ಮ, ಚಳಿ ಜಾಸ್ತಿ ಆಯ್ತು, ಒಳಗೆ ಹೋಗು, ನಾನು ಮುಗಿಸ್ತೀನಿ. ಮುಗಿಸಬೇಡ ಕಣೋ, ಕೊಡಿಲ್ಲಿ — ಉಗುರಿಗೆ ಪಟ್ಟಿ ತುಕ್ಕಿನ ಸಮೇತ ಬರುತ್ತದೆ, ಹಾರೆ ನಿಲ್ಲಿಸಿ ತನ್ನ ಗದ್ದದ ಎತ್ತರಕ್ಕೆ ಸುತ್ತುತ್ತಾಳೆ, ಇಲ್ಲೀವರೆಗೂ ತೋಡು. ಅಯ್ಯೋ, ಅಪ್ಪ ಹಾಕಿದ್ದಲ್ವಾ ಅದು, ಅಪ್ಪಂಗೆ ಗೊತ್ತಿರ್ಲಿಲ್ವಾ. ಗೊತ್ತಿತ್ತು, ಗೊತ್ತಿದ್ದೇ ಇಳಿಸಿದ್ರು, ಕಂಬ ಎದ್ದಿತ್ತು ಮಗ, ನನಗೂ ಗೊತ್ತಿತ್ತು, ನೀನು ಗೇಟು ಹಾಕಿದ್ದೆ, ಅದು ಕಚ್ಚಿಕೊಳ್ಳಲಿಲ್ಲ ಅಷ್ಟೇ. ಆರ್ವೊ ಗುಂಡಿಯನ್ನೇ ನೋಡುತ್ತಾನೆ, ನರೆತ ಗಡ್ಡದೊಳಗಿಂದ ಏಳು ವರ್ಷದ ದನಿ ಬರುತ್ತದೆ, ನಾನು ಹಾಕಿದ್ದೆ ಅಲ್ವಾ, ಹಾಕಿದ್ದೆ ಅಲ್ವೇನಮ್ಮ. ಹೂಂ ಅನ್ನಬೇಕು, ತಬ್ಬಿಕೊಳ್ಳಬೇಕು, ಕಣ್ಣೆದುರು ಆ ದಿನದ ಗೇಟು, ಮುಚ್ಚಿದಂತಿರುವ ಗೇಟು, ಚಿಲಕದ ನಾಲಿಗೆ, ತೂತಿಗಿಂತ ಒಂದು ಬೆರಳು ಕೆಳಗೆ, ಒಂದೇ ಬೆರಳು